ಕೊಳಚೆ ನೀರಿನ ಸಂಸ್ಕರಣೆ: ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳು ತಿಳಿದಿರಬೇಕಾದ ಸಂಗತಿಗಳು

ನಲ್ಲಿಯಲ್ಲಿ ನೀರು ಬರದಿದ್ದರೆ ಊರೆಲ್ಲಾ ಮಾತನಾಡುತ್ತದೆ. ಅದೇ ನೀರು ಬಚ್ಚಲಿನಿಂದ ಹೊರಬಿದ್ದು ಮೋರಿ ಸೇರಿದ ಮೇಲೆ ಅದರ ಲೆಕ್ಕ ಇಡುವವರು ಕಡಿಮೆ. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಆಂಧ್ರದ ಹಿಂದೂಪುರ ಹಾಗೂ ಕಲ್ಯಾಣದುರ್ಗ ಭಾಗದಲ್ಲಿ ದಶಕಗಳ ಕಾಲ ಚರ್ಚೆಯಾದದ್ದು ಕುಡಿಯುವ ನೀರು ಮಾತ್ರ. ಆದರೆ ಬಳಸಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಕುಡಿಯುವ ನೀರಿನ ಪ್ರಶ್ನೆಯಿಂದ ಬೇರೆಯಲ್ಲ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಕೊಳಚೆ ನೀರನ್ನು ಕೊಚ್ಚಿಕೊಂಡು ಹೋಗುವ ಹೊಳೆಯಿಲ್ಲ. ಅದು ಅಲ್ಲಿಯೇ ಇಂಗುತ್ತದೆ, ಅಲ್ಲಿಯ ಕೊಳವೆ ಬಾವಿಯಿಂದಲೇ ಮತ್ತೆ ಮೇಲೆ ಬರುತ್ತದೆ.

ಕೊಳಚೆ ನೀರು ಎಂದರೇನು, ಅದನ್ನು ಹೇಗೆ ಶುದ್ಧಗೊಳಿಸುತ್ತಾರೆ, ಒಳಚರಂಡಿ ಇಲ್ಲದ ಸಣ್ಣ ಊರಿಗೆ ಯಾವ ದಾರಿ ಇದೆ, ಮನೆಯವರು ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಎರಡು ಊರು, ಒಂದೇ ಸಮಸ್ಯೆ

ಹಿಂದೂಪುರ ಮತ್ತು ಕಲ್ಯಾಣದುರ್ಗ ಎರಡೂ ಹಿಂದೆ ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್ 4ರಂದು ಆಂಧ್ರದ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಹಿಂದೂಪುರವು ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಜಿಲ್ಲೆ ಎರಡಾದರೂ ಹವೆ, ನೆಲ, ನೀರಿನ ಕಷ್ಟ ಒಂದೇ ಬಗೆಯದು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ನೆಲದಡಿ ಗಟ್ಟಿ ಕಲ್ಲು; ಅದರ ಬಿರುಕುಗಳಲ್ಲಿ ನಿಂತ ನೀರೇ ಅಂತರ್ಜಲ.

ಹಿಂದೂಪುರದ ಬಳಿ ಹರಿಯುವ ಪೆನ್ನಾ ನದಿಯನ್ನು ಕನ್ನಡಿಗರು ಉತ್ತರ ಪಿನಾಕಿನಿ ಎನ್ನುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೆ ಬರುವ ಈ ನದಿ ಒಟ್ಟು 597 ಕಿಲೋಮೀಟರ್ ಹರಿದು ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ತುಮಕೂರು ಕಡೆಯಿಂದ ಬರುವ ಜಯಮಂಗಲಿ ಹಿಂದೂಪುರದ ಸಮೀಪ ಇದನ್ನು ಕೂಡುತ್ತದೆ. ನಕ್ಷೆಯಲ್ಲಿ ಎರಡು ನದಿ ಕಂಡರೂ ವರ್ಷದ ಹೆಚ್ಚಿನ ತಿಂಗಳು ಇವುಗಳ ಪಾತ್ರದಲ್ಲಿ ಕಾಣುವುದು ಮರಳು. ಇಂಥ ನದಿಗೆ ಊರಿನ ಮೋರಿ ನೀರು ಬಿಟ್ಟರೆ ಅದನ್ನು ತಿಳಿಗೊಳಿಸುವ ಹರಿವು ಅಲ್ಲಿರುವುದಿಲ್ಲ.

2011ರ ಜನಗಣತಿಯ ವೇಳೆಗೆ ಹಿಂದೂಪುರದ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಕಲ್ಯಾಣದುರ್ಗ ಅದಕ್ಕಿಂತ ಬಹಳ ಚಿಕ್ಕ ಪಟ್ಟಣ. ಗಾತ್ರದ ಈ ವ್ಯತ್ಯಾಸ ಮುಖ್ಯ. ದೊಡ್ಡ ಊರಿಗೆ ಹೊಂದುವ ವ್ಯವಸ್ಥೆ ಸಣ್ಣ ಊರಿಗೆ ಹೊಂದಬೇಕೆಂದಿಲ್ಲ. ಇದನ್ನು ಮುಂದೆ ನೋಡಬಹುದು.

ಕೊಳಚೆ ನೀರು ಎಂದರೇನು? ಎಷ್ಟು?

ಮನೆಯಿಂದ ಹೊರಬೀಳುವ ನೀರನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ.

1. ಬೂದು ನೀರು: ಸ್ನಾನ, ಬಟ್ಟೆ, ಪಾತ್ರೆ, ಅಡುಗೆಮನೆಯ ನೀರು. ಪ್ರಮಾಣದಲ್ಲಿ ಹೆಚ್ಚು, ರೋಗಾಣು ಕಡಿಮೆ.

2. ಕಪ್ಪು ನೀರು: ಶೌಚಾಲಯದ ನೀರು. ಪ್ರಮಾಣದಲ್ಲಿ ಕಡಿಮೆ, ರೋಗಾಣು ಹೆಚ್ಚು.

ಎರಡೂ ಸೇರಿದ ಕೊಳಚೆಯಲ್ಲಿ ಶೇ 99.9ರಷ್ಟು ಬರೀ ನೀರೇ ಇರುತ್ತದೆ. ಉಳಿದ ಶೇ 0.1ರಷ್ಟು ಕಲ್ಮಶವೇ ವಾಸನೆ, ಸೊಳ್ಳೆ, ಕಾಯಿಲೆಗಳಿಗೆ ಮೂಲ. ಸಂಸ್ಕರಣೆ ಎಂದರೆ ಈ ಚೂರು ಪಾಲನ್ನು ನೀರಿನಿಂದ ಬೇರ್ಪಡಿಸುವ ಕೆಲಸ.

ಕೇಂದ್ರ ಸರ್ಕಾರದ ಕೈಪಿಡಿಯ ಪ್ರಕಾರ ಒಳಚರಂಡಿ ಇಲ್ಲದ ಪಟ್ಟಣಗಳಲ್ಲಿ ಪ್ರತಿ ವ್ಯಕ್ತಿಗೆ ದಿನಕ್ಕೆ 70 ಲೀಟರ್, ಒಳಚರಂಡಿ ಇರುವ ಪಟ್ಟಣಗಳಲ್ಲಿ 135 ಲೀಟರ್ ನೀರು ಕೊಡಬೇಕು. ಕೊಟ್ಟ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಈ ಲೆಕ್ಕದಲ್ಲಿ ಪ್ರತಿ 10 ಸಾವಿರ ಜನರಿಗೆ ದಿನಕ್ಕೆ ಕನಿಷ್ಠ 5.6 ಲಕ್ಷ ಲೀಟರ್ ಕೊಳಚೆ. ಒಂದೂವರೆ ಲಕ್ಷ ಜನರ ಊರಿಗೆ 70 ಲೀಟರ್ ಲೆಕ್ಕದಲ್ಲಿ ದಿನಕ್ಕೆ 84 ಲಕ್ಷ ಲೀಟರ್. 135 ಲೀಟರ್ ಕೊಟ್ಟರೆ 1 ಕೋಟಿ 60 ಲಕ್ಷ ಲೀಟರಿಗೂ ಹೆಚ್ಚು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದೂರದ ಜಲಾಶಯಗಳಿಂದ ಪೈಪ್‌ಲೈನ್ ಹಾಕಿ ನೀರು ತಂದಷ್ಟೂ ಊರಿನ ಕೊಳಚೆ ಹೆಚ್ಚುತ್ತದೆ. ಟ್ಯಾಂಕರ್ ಕಾಲದಲ್ಲಿ ಬಿಂದಿಗೆ ಲೆಕ್ಕದಲ್ಲಿ ಬಳಸುತ್ತಿದ್ದ ಮನೆಯಲ್ಲಿ ನಲ್ಲಿ ಬಂದ ಮೇಲೆ ಬಳಕೆ ಏರುವುದು ಸಹಜ. ಆದ್ದರಿಂದ ನೀರು ತರುವ ಯೋಜನೆಯ ಜೊತೆಗೇ ಬಳಸಿದ ನೀರಿನ ಯೋಜನೆಯೂ ಆಗಬೇಕು.

ದೇಶದ ಚಿತ್ರವೂ ಸಮಾಧಾನ ತರುವಂಥದ್ದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ವರದಿಯಂತೆ ದೇಶದ ನಗರಗಳಲ್ಲಿ ದಿನಕ್ಕೆ 7,236.8 ಕೋಟಿ ಲೀಟರ್ ಕೊಳಚೆ ಹುಟ್ಟುತ್ತಿತ್ತು. ಸಂಸ್ಕರಣಾ ಘಟಕಗಳ ಒಟ್ಟು ಸಾಮರ್ಥ್ಯ 3,184.1 ಕೋಟಿ ಲೀಟರ್. ವಾಸ್ತವದಲ್ಲಿ ಸಂಸ್ಕರಣೆಯಾಗುತ್ತಿದ್ದುದು 2,023.6 ಕೋಟಿ ಲೀಟರ್, ಅಂದರೆ ಶೇ 28 ಮಾತ್ರ. ಘಟಕ ಕಟ್ಟುವುದು ಒಂದು ಕೆಲಸವಾದರೆ ಅದನ್ನು ಪ್ರತಿದಿನ ನಡೆಸುವುದು ಇನ್ನೊಂದು ಎಂಬುದು ಈ ಅಂಕಿಗಳಿಂದ ಗೊತ್ತಾಗುತ್ತದೆ.

ಕೊಳವೆ ಬಾವಿಗೆ ಏನಾಗುತ್ತದೆ?

ಮಣ್ಣು ಒಳ್ಳೆಯ ಸೋಸುಕ. ದಪ್ಪ ಮಣ್ಣಿನ ಪದರದಲ್ಲಿ ನಿಧಾನವಾಗಿ ಇಂಗುವ ನೀರಿನ ರೋಗಾಣುಗಳು ದಾರಿಯಲ್ಲೇ ಸಾಯುತ್ತವೆ. ಆದರೆ ಕಲ್ಲು ನೆಲದಲ್ಲಿ ಹಾಗಾಗುವುದಿಲ್ಲ. ಬಂಡೆಯ ಬಿರುಕು ಸಿಕ್ಕರೆ ಗುಂಡಿಯ ನೀರು ಸೋಸದೆಯೇ ದೂರದ ಬಾವಿಯವರೆಗೆ ಸಾಗಬಲ್ಲದು.

ಹೀಗೆ ಸೇರುವ ಕಲ್ಮಶಗಳಲ್ಲಿ ಎರಡು ಮುಖ್ಯ. ಮೊದಲನೆಯದು ಮಲದಿಂದ ಬರುವ ರೋಗಾಣು. ವಾಂತಿಭೇದಿ, ಟೈಫಾಯಿಡ್, ಕಾಮಾಲೆ ಇದರಿಂದ ಹರಡುತ್ತವೆ. ನೀರು ಕುದಿಸಿದರೆ ಅಥವಾ ಕ್ಲೋರಿನ್ ಹಾಕಿದರೆ ರೋಗಾಣುಗಳನ್ನು ಬಹುಮಟ್ಟಿಗೆ ತಡೆಯಬಹುದು. ಎರಡನೆಯದು ನೈಟ್ರೇಟ್. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಮಿತಿ ಮೀರಿದರೆ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳ ರಕ್ತದಲ್ಲಿ ಆಮ್ಲಜನಕ ಸಾಗುವುದಕ್ಕೆ ಅಡ್ಡಿಯಾಗುತ್ತದೆ. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಹೊಲಕ್ಕೆ ಹಾಕುವ ಗೊಬ್ಬರದಿಂದಲೂ ನೈಟ್ರೇಟ್ ಬರುತ್ತದೆ. ಊರೊಳಗಿನ ಬಾವಿಯಲ್ಲಿ ಅದು ಹೆಚ್ಚಿದ್ದರೆ ಮೊದಲು ಅನುಮಾನಿಸಬೇಕಾದುದು ಶೌಚಗುಂಡಿಗಳನ್ನು.

ಅನಂತಪುರ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಮೊದಲೇ ಇದೆ. ಅದು ಬಂಡೆಯಿಂದ ಬರುವಂಥದ್ದು, ಮನುಷ್ಯ ಮಾಡಿದ್ದಲ್ಲ. ಅದರ ಮೇಲೆ ನೈಟ್ರೇಟನ್ನೂ ಸೇರಿಸಿಕೊಂಡರೆ ಬಾವಿ ನೀರು ಕುಡಿಯಲು ಎರಡು ಕಾರಣಕ್ಕೆ ಬಾರದಂತಾಗುತ್ತದೆ.

ಸೆಪ್ಟಿಕ್ ಟ್ಯಾಂಕ್ ಹೇಗಿರಬೇಕು?

2011ರ ಜನಗಣತಿಯಂತೆ ದೇಶದ ನಗರ ಪ್ರದೇಶಗಳಲ್ಲಿ ಶೇ 32.7ರಷ್ಟು ಮನೆಗಳಿಗೆ ಮಾತ್ರ ಒಳಚರಂಡಿ ಸಂಪರ್ಕ ಇತ್ತು. ಶೇ 38.2ರಷ್ಟು ಮನೆಗಳು ಸೆಪ್ಟಿಕ್ ಟ್ಯಾಂಕ್ ನಂಬಿದ್ದವು. ಸಣ್ಣ ಪಟ್ಟಣಗಳಲ್ಲಿ ಟ್ಯಾಂಕ್ ಮತ್ತು ಗುಂಡಿಗಳ ಪಾಲು ಇನ್ನೂ ಹೆಚ್ಚು. ಆದ್ದರಿಂದ ಇಂಥ ಊರುಗಳಲ್ಲಿ ಸಂಸ್ಕರಣೆಯ ಮೊದಲ ಘಟಕ ಪ್ರತಿ ಮನೆಯ ಹಿತ್ತಿಲಿನಲ್ಲಿರುವ ಟ್ಯಾಂಕೇ ಆಗಿದೆ.

ಜನ ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದೆಲ್ಲ ಸೆಪ್ಟಿಕ್ ಟ್ಯಾಂಕ್ ಅಲ್ಲ. ತಳ ಇಲ್ಲದ ಸಿಮೆಂಟ್ ಬಳೆಗಳ ಗುಂಡಿ, ತಳ ಇದ್ದು ಹೊರದಾರಿಯನ್ನು ನೇರ ಮೋರಿಗೆ ಬಿಟ್ಟ ತೊಟ್ಟಿ ಎರಡನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಸರಿಯಾದ ಟ್ಯಾಂಕಿನ ಲಕ್ಷಣಗಳು ಹೀಗಿವೆ.

* ತಳ ಮತ್ತು ನಾಲ್ಕು ಗೋಡೆ ನೀರು ಸೋರದಂತೆ ಗಾರೆಯಾಗಿರಬೇಕು.
* ಅಗಲ ಕನಿಷ್ಠ 75 ಸೆಂಟಿಮೀಟರ್, ನೀರಿನ ಆಳ ಕನಿಷ್ಠ 1 ಮೀಟರ್, ಉದ್ದವು ಅಗಲದ 2ರಿಂದ 4 ಪಟ್ಟು ಇರಬೇಕು. ಕನಿಷ್ಠ 1,000 ಲೀಟರ್ ಹಿಡಿಯಬೇಕು.
* ಒಳಗೆ ಬರುವ ಮತ್ತು ಹೊರಗೆ ಹೋಗುವ ಕಡೆ ಟೀ ಆಕಾರದ ಪೈಪ್ ಇರಬೇಕು. ಮೇಲೆ ತೇಲುವ ಕೆನೆ ಹೊರಗೆ ಹೋಗದಂತೆ ಇದು ತಡೆಯುತ್ತದೆ.
* ಗಾಳಿ ಪೈಪ್ ಇರಬೇಕು, ಅದರ ತುದಿಗೆ ಸೊಳ್ಳೆ ಪರದೆ ಇರಬೇಕು.
* ಹೊರಬಂದ ನೀರು ಮೋರಿಗೆ ಹೋಗದೆ ಇಂಗುಗುಂಡಿಗೆ ಹೋಗಬೇಕು. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಬೇಕು. ಬಿರುಕು ಬಂಡೆಯ ನೆಲದಲ್ಲಿ ಇನ್ನೂ ದೂರ ಇದ್ದಷ್ಟು ಒಳ್ಳೆಯದು.
* ಮುಚ್ಚಳ ತೆಗೆಯಲು ಬರುವಂತಿರಬೇಕು. ಮೇಲೆ ಟೈಲ್ಸ್ ಹಾಸಿ ಮುಚ್ಚಿಬಿಟ್ಟರೆ ಮುಂದೆ ಒಡೆಯದೆ ಗತಿಯಿಲ್ಲ.

ಟ್ಯಾಂಕಿನಲ್ಲಿ ಮೂರು ಪದರ ನಿಲ್ಲುತ್ತವೆ. ತಳದಲ್ಲಿ ಕೆಸರು, ನಡುವೆ ನೀರು, ಮೇಲೆ ಕೆನೆ. ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರನ್ನು ಕರಗಿಸುತ್ತವೆ, ಆದರೆ ಪೂರ್ತಿ ಕರಗಿಸಲಾರವು. ವರ್ಷ ಕಳೆದಂತೆ ಕೆಸರು ಏರಿ ನೀರಿಗೆ ಜಾಗ ಕಡಿಮೆಯಾಗುತ್ತದೆ. ಆಗ ಒಳಗೆ ಬಂದದ್ದು ಹಾಗೆಯೇ ಹೊರಗೆ ಹೋಗುತ್ತದೆ. ಈ ಕಾರಣಕ್ಕೆ 2ರಿಂದ 3 ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. 'ನಮ್ಮ ಟ್ಯಾಂಕು ಇಪ್ಪತ್ತು ವರ್ಷವಾದರೂ ತುಂಬಿಲ್ಲ' ಎಂದು ಹೇಳಿಕೊಳ್ಳುವ ಮನೆಗಳಿವೆ. ಅದು ಟ್ಯಾಂಕು ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ತಳದಿಂದ ಇಂಗುತ್ತಿದೆ ಅಥವಾ ಮೋರಿಗೆ ಹರಿಯುತ್ತಿದೆ ಎಂದೇ ಅರ್ಥ.

ಗುಂಡಿಗೆ ಮನುಷ್ಯನನ್ನು ಇಳಿಸುವುದು ಅಪರಾಧ

ಸೆಪ್ಟಿಕ್ ಟ್ಯಾಂಕಿನಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ತುಂಬಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿಗೆ ವಾಸನೆ ತಿಳಿಯುವ ಶಕ್ತಿಯೇ ಹೋಗುತ್ತದೆ. 'ಈಗ ವಾಸನೆ ಇಲ್ಲ' ಎಂದು ಇಳಿದವರು ಕೆಲವೇ ಉಸಿರಿನಲ್ಲಿ ಕುಸಿಯುತ್ತಾರೆ. ಅವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿಗಳ ಹಿಂದಿನ ಕಾರಣ ಬಹುಪಾಲು ಇದೇ.

ಕೈಯಿಂದ ಮಲ ಬಾಚುವ ಪದ್ಧತಿಯ ನಿಷೇಧ ಮತ್ತು ಪುನರ್ವಸತಿ ಕುರಿತ 2013ರ ಕಾಯಿದೆ ಹೀಗೆ ಇಳಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮತ್ತೆ ತಪ್ಪು ಮಾಡಿದರೆ 5 ವರ್ಷ, 5 ಲಕ್ಷದವರೆಗೆ ಏರುತ್ತದೆ. ಗುತ್ತಿಗೆದಾರನಿಗೆ ಮಾತ್ರವಲ್ಲ, ಕೆಲಸಕ್ಕೆ ಹಚ್ಚಿದ ಯಾರಿಗೇ ಆದರೂ ಇದು ಅನ್ವಯಿಸುತ್ತದೆ. ಕೂಲಿ ಕೊಟ್ಟು ಇಳಿಸಿದ ಮನೆ ಮಾಲೀಕರೂ ಹೊಣೆಯಿಂದ ತಪ್ಪಿಸಿಕೊಳ್ಳಲಾರರು.

ಈ ಹೋರಾಟದಲ್ಲಿ ದೇಶಕ್ಕೆಲ್ಲಾ ಪರಿಚಿತವಾದ ಹೆಸರು ಬೆಜವಾಡ ವಿಲ್ಸನ್. ಕೋಲಾರ ಚಿನ್ನದ ಗಣಿಯ ಸಫಾಯಿ ಕರ್ಮಚಾರಿ ಕುಟುಂಬದಲ್ಲಿ ಹುಟ್ಟಿದ ಅವರು ಸಫಾಯಿ ಕರ್ಮಚಾರಿ ಆಂದೋಲನದ ನೇತೃತ್ವ ವಹಿಸಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಈ ಸಂಘಟನೆ ಹೂಡಿದ್ದ ಮೊಕದ್ದಮೆಯಲ್ಲಿ 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್, ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪು ನೀಡಿತು. 2023ರ ಅಕ್ಟೋಬರಿನಲ್ಲಿ ಇನ್ನೊಂದು ಪ್ರಕರಣದಲ್ಲಿ ಈ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ಟ್ಯಾಂಕ್ ಖಾಲಿ ಮಾಡಬೇಕಾದುದು ಸಕ್ಕಿಂಗ್ ಯಂತ್ರದಿಂದ. ಪಂಪು ಮತ್ತು ಟ್ಯಾಂಕು ಕೂರಿಸಿದ ಈ ಲಾರಿಗಳು ಪೈಪ್ ಇಳಿಸಿ ಕೆಸರನ್ನು ಹೀರಿಕೊಳ್ಳುತ್ತವೆ. ಯಾರೂ ಒಳಗೆ ಇಳಿಯಬೇಕಾಗಿಲ್ಲ.

ಲಾರಿ ಎಲ್ಲಿಗೆ ಹೋಗುತ್ತದೆ? ದೇವನಹಳ್ಳಿಯ ಉತ್ತರ

ಸಕ್ಕಿಂಗ್ ಲಾರಿ ಬಂದು ಹೋದರೆ ಮನೆಯವರ ಕೆಲಸ ಮುಗಿಯಿತು. ಊರಿನ ಕೆಲಸ ಅಲ್ಲಿ ಶುರುವಾಗುತ್ತದೆ. ಹೀರಿದ ಕೆಸರನ್ನು ಸುರಿಯಲು ಜಾಗ ಇಲ್ಲದಿದ್ದರೆ ಲಾರಿಯವರು ಕೆರೆ ಅಂಗಳಕ್ಕೋ, ಹಳ್ಳಕ್ಕೋ, ಊರಾಚೆಯ ಬಯಲಿಗೋ ಸುರಿದು ಬರುತ್ತಾರೆ. ಆಗ ಮನೆಯಿಂದ ತೆಗೆದ ಮಲಿನ ಅಷ್ಟೂ ಮತ್ತೆ ನೀರಿಗೇ ಸೇರುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಿದ ಊರುಗಳಲ್ಲಿ ಮೊದಲಿನದು ದೇವನಹಳ್ಳಿ. ಬೆಂಗಳೂರು ವಿಮಾನ ನಿಲ್ದಾಣದ ಪಕ್ಕದ ಈ ಪಟ್ಟಣದ ಜನಸಂಖ್ಯೆ 2011ರಲ್ಲಿ ಸುಮಾರು 28 ಸಾವಿರ. ಅಲ್ಲಿ ಊರಿಗೆಲ್ಲಾ ಒಳಚರಂಡಿ ಇರಲಿಲ್ಲ. ಪುರಸಭೆಯ ಜೊತೆಗೂಡಿ ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ಅಲ್ಲಿ ಮಲದ ಕೆಸರು ಸಂಸ್ಕರಣಾ ಘಟಕ ಕಟ್ಟಿತು. 2015ರಲ್ಲಿ ಕೆಲಸ ಆರಂಭಿಸಿದ ಇದು, ಒಂದು ಪಟ್ಟಣಕ್ಕಾಗಿಯೇ ಕಟ್ಟಿದ ಇಂಥ ಘಟಕಗಳಲ್ಲಿ ದೇಶದ ಮೊದಲನೆಯದು ಎಂದು ಹೆಸರಾಯಿತು. ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಅಂದರೆ ಸುಮಾರು ಎರಡು ಸಣ್ಣ ಲಾರಿ ಲೋಡು.

ಘಟಕದ ಕೆಲಸ ಹೀಗಿದೆ.

1. ಲಾರಿಯಿಂದ ಸುರಿದ ಕೆಸರು ಮೊದಲು ಜಾಲರಿಯನ್ನು ದಾಟುತ್ತದೆ. ಪ್ಲಾಸ್ಟಿಕ್, ಬಟ್ಟೆ ಮೊದಲಾದವು ಅಲ್ಲಿ ಉಳಿಯುತ್ತವೆ.

2. ಮುಚ್ಚಿದ ತೊಟ್ಟಿಗಳಲ್ಲಿ ಗಾಳಿ ಇಲ್ಲದೆ ಕೊಳೆಯುತ್ತದೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗುವ ಕ್ರಿಯೆಯೇ ಇದು.

3. ಗಟ್ಟಿಯಾದ ಕೆಸರನ್ನು ಮರಳು ಮತ್ತು ಜಲ್ಲಿ ಹಾಸಿದ ಒಣಗುಹಾಸಿನ ಮೇಲೆ ಹರಡುತ್ತಾರೆ. ನೀರು ಕೆಳಗೆ ಬಸಿದು, ಕೆಸರು ಬಿಸಿಲಿಗೆ ಒಣಗುತ್ತದೆ.

4. ಬಸಿದ ನೀರು ಅಡ್ಡಗೋಡೆಗಳಿರುವ ತೊಟ್ಟಿಗಳ ಮೂಲಕ ಹಾದು, ಗಿಡ ನೆಟ್ಟ ಜಲ್ಲಿ ಹಾಸಿನಲ್ಲಿ ಸೋಸಿಹೋಗುತ್ತದೆ. ಈ ನೀರನ್ನು ಗಿಡಮರಗಳಿಗೆ ಬಳಸಬಹುದು.

5. ಒಣಗಿದ ಕೆಸರನ್ನು ಊರಿನ ಹಸಿ ಕಸದೊಂದಿಗೆ ಬೆರೆಸಿ ಗೊಬ್ಬರ ಮಾಡುತ್ತಾರೆ.

ಕೊನೆಯ ಹಂತ ಬರೀ ಗೊಬ್ಬರಕ್ಕಾಗಿ ಅಲ್ಲ. ಮಲದಲ್ಲಿರುವ ಜಂತುಹುಳದ ಮೊಟ್ಟೆಗಳು ಬಹಳ ಗಟ್ಟಿ. ಕೆಸರು ಒಣಗಿದ ಮೇಲೂ ಅವು ತಿಂಗಳುಗಟ್ಟಲೆ ಬದುಕಬಲ್ಲವು. ಗೊಬ್ಬರದ ರಾಶಿಯ ಒಳಗಿನ ಶಾಖ 55 ಡಿಗ್ರಿ ಮೀರಿ ಹಲವು ದಿನ ನಿಂತರೆ ಅವು ಸಾಯುತ್ತವೆ. ಹಸಿ ಕೆಸರನ್ನು ನೇರವಾಗಿ ಹೊಲಕ್ಕೆ ಹಾಕುವುದಕ್ಕೂ ಹೀಗೆ ಮಾಗಿಸಿದ ಗೊಬ್ಬರಕ್ಕೂ ಇರುವ ವ್ಯತ್ಯಾಸ ಇದು.

ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹರಿಯುವಂತೆ ತೊಟ್ಟಿಗಳನ್ನು ಕಟ್ಟಿರುವುದರಿಂದ ಇಂಥ ಘಟಕಕ್ಕೆ ವಿದ್ಯುತ್ ಬಹಳ ಕಡಿಮೆ ಸಾಕು. ಬಿಸಿಲು ಧಾರಾಳವಾಗಿರುವ ಅನಂತಪುರ ಸೀಮೆಗೆ ಇದು ಒಪ್ಪುವ ವಿಧಾನ. ಲೆಕ್ಕವೂ ಕಷ್ಟವಲ್ಲ. 9 ಸಾವಿರ ಮನೆಗಳ ಊರಿನಲ್ಲಿ ಪ್ರತಿ ಟ್ಯಾಂಕನ್ನು 3 ವರ್ಷಕ್ಕೊಮ್ಮೆ ಖಾಲಿ ಮಾಡಿಸಿದರೆ ವರ್ಷಕ್ಕೆ 3 ಸಾವಿರ ಲೋಡು. ವರ್ಷಕ್ಕೆ 300 ದಿನ ಕೆಲಸ ನಡೆದರೆ ದಿನಕ್ಕೆ 10 ಲೋಡು. ಲೋಡಿಗೆ 3 ಸಾವಿರ ಲೀಟರ್ ಹಿಡಿದರೆ ದಿನಕ್ಕೆ 30 ಸಾವಿರ ಲೀಟರ್ ಸಾಮರ್ಥ್ಯದ ಘಟಕ ಬೇಕು.

ಕರಾವಳಿಯ ಸಣ್ಣ ಊರಿನಲ್ಲಿ ಬೇರೆ ದಾರಿ

ಎಲ್ಲ ಊರಿಗೂ ಒಂದೇ ವಿಧಾನ ಹೊಂದುವುದಿಲ್ಲ ಎಂಬುದಕ್ಕೆ ಆಂಧ್ರದ ಕರಾವಳಿಯೇ ಉದಾಹರಣೆ. ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ, ಗೋದಾವರಿಯ ವಸಿಷ್ಠ ಕವಲು ಸಮುದ್ರ ಸೇರುವ ಮುನ್ನ ಸಿಗುವ ಪಟ್ಟಣ. ಅನಂತಪುರದಲ್ಲಿ ನೂರಾರು ಅಡಿ ಕೊರೆದರೆ ನೀರು. ಗೋದಾವರಿ ಕಡೆಯ ಕರಾವಳಿಯಲ್ಲಿ ಸ್ವಲ್ಪ ಅಗೆದರೆ ನೀರು. ಮಳೆಗಾಲದಲ್ಲಿ ಗುಂಡಿಗಳು ಕೆಳಗಿನಿಂದಲೇ ತುಂಬುತ್ತವೆ. ಇಂಗುಗುಂಡಿ ಕೆಲಸ ಮಾಡುವುದಿಲ್ಲ. ತೇವದ ಹವೆಯಲ್ಲಿ ಕೆಸರು ಬೇಗ ಒಣಗುವುದೂ ಇಲ್ಲ.

ನರಸಾಪುರದಲ್ಲಿ ಕಟ್ಟಿದ ಘಟಕದ ಸಾಮರ್ಥ್ಯ ದಿನಕ್ಕೆ 15 ಸಾವಿರ ಲೀಟರ್. ಅಲ್ಲಿ ಕೆಸರನ್ನು ಬಿಸಿಲಿಗೆ ಬಿಡದೆ ಯಂತ್ರದ ಶಾಖದಿಂದ ಒಣಗಿಸಿ, ಆಮ್ಲಜನಕ ತೀರಾ ಕಡಿಮೆ ಇರುವ ಕುಲುಮೆಯಲ್ಲಿ ಸುಡುತ್ತಾರೆ. ಉಳಿಯುವುದು ಇದ್ದಿಲಿನಂಥ ಪುಡಿ. ಜಾಗ ಕಡಿಮೆ ಸಾಕು, ರೋಗಾಣು ಒಂದೂ ಉಳಿಯದು. ಆದರೆ ಯಂತ್ರ, ವಿದ್ಯುತ್ ಮತ್ತು ತರಬೇತಾದ ಕೆಲಸಗಾರರು ಬೇಕು. ಬಿಸಿಲಿರುವ ಊರಿಗೆ ಬಿಸಿಲಿನ ದಾರಿ, ಜೌಗು ಊರಿಗೆ ಯಂತ್ರದ ದಾರಿ ಎಂದು ಸ್ಥೂಲವಾಗಿ ಹೇಳಬಹುದು.

ಒಳಚರಂಡಿ ಮತ್ತು ಸಂಸ್ಕರಣಾ ಘಟಕ

ಹಿಂದೂಪುರದಷ್ಟು ದೊಡ್ಡದಾದ, ಮನೆಗಳು ಒತ್ತೊತ್ತಾಗಿರುವ ಊರಿನಲ್ಲಿ ಸೆಪ್ಟಿಕ್ ಟ್ಯಾಂಕ್ ಮಾತ್ರ ನಂಬುವಂತಿಲ್ಲ. ಸಂದಿಯ ಮನೆಗಳಿಗೆ ಇಂಗುಗುಂಡಿಗೆ ಜಾಗವಿರುವುದಿಲ್ಲ, ಲಾರಿ ಹೋಗಲು ದಾರಿಯಿರುವುದಿಲ್ಲ. ಅಂಥ ಕಡೆ ಒಳಚರಂಡಿ ಹಾಕಿ ಕೊಳಚೆಯನ್ನು ಸಂಸ್ಕರಣಾ ಘಟಕಕ್ಕೆ ಒಯ್ಯಬೇಕಾಗುತ್ತದೆ. ಇಲ್ಲಿ ಮೂರು ಹಂತಗಳಿವೆ.

ಪ್ರಾಥಮಿಕ ಹಂತ: ಕಸ, ಮರಳು ಬೇರ್ಪಡಿಸಿ, ನೀರನ್ನು ನಿಲ್ಲಿಸಿ ಗಷ್ಟು ತಳಕ್ಕಿಳಿಯುವಂತೆ ಮಾಡುವುದು.

ದ್ವಿತೀಯ ಹಂತ: ನೀರಿಗೆ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುವುದು. ಕರಗಿದ ಕಲ್ಮಶವನ್ನು ಅವು ತಿಂದು ಮುಗಿಸುತ್ತವೆ. ಜಾಗ ಧಾರಾಳವಾಗಿದ್ದರೆ ಯಂತ್ರವಿಲ್ಲದೆ ಹೊಂಡಗಳ ಸಾಲಿನಲ್ಲಿ ಬಿಸಿಲು, ಪಾಚಿಗಳಿಂದಲೇ ಈ ಕೆಲಸ ಮಾಡಿಸಬಹುದು.

ತೃತೀಯ ಹಂತ: ಮರಳು ಅಥವಾ ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ಸಾರಜನಕ, ರಂಜಕ ತೆಗೆದು, ಕ್ಲೋರಿನ್ ಮೊದಲಾದವುಗಳಿಂದ ರೋಗಾಣು ಕೊಲ್ಲುವುದು.

ನೀರು ಎಷ್ಟು ಶುದ್ಧವಾಯಿತು ಎಂಬುದನ್ನು ಬಿಒಡಿ ಎಂಬ ಅಳತೆಯಿಂದ ಹೇಳುತ್ತಾರೆ. ನೀರಿನ ಕಲ್ಮಶ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ ಅದು. ಕಡಿಮೆ ಇದ್ದಷ್ಟೂ ನೀರು ಶುದ್ಧ. ಕೇಂದ್ರ ಸರ್ಕಾರದ 2017ರ ಅಧಿಸೂಚನೆ ಸಂಸ್ಕರಿಸಿದ ನೀರಿನ ಬಿಒಡಿಗೆ ಮಹಾನಗರಗಳಲ್ಲಿ ಲೀಟರಿಗೆ 20, ಉಳಿದ ಕಡೆ 30 ಮಿಲಿಗ್ರಾಂ ಮಿತಿ ಇಟ್ಟಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕಿಂತ ಬಿಗಿಯಾದ ಮಿತಿ ಬೇಕೆಂದು ಆದೇಶಿಸಿತು.

ಕಾರ್ಖಾನೆಗಳ ನೀರಿನ ಮಾತೇ ಬೇರೆ. ಹಿಂದೂಪುರದ ಸುತ್ತ ತೂಮುಕುಂಟದಂಥ ಕೈಗಾರಿಕಾ ಪ್ರದೇಶಗಳಿವೆ. ರಾಸಾಯನಿಕ, ಬಣ್ಣ ಬೆರೆತ ನೀರು ಮನೆಯ ಕೊಳಚೆಯೊಂದಿಗೆ ಸೇರಿದರೆ ಘಟಕದ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಆದ್ದರಿಂದ ಕಾರ್ಖಾನೆಗಳು ತಮ್ಮ ಆವರಣದಲ್ಲಿಯೇ ಮೊದಲು ಸಂಸ್ಕರಿಸಬೇಕು. 1974ರ ಜಲ ಮಾಲಿನ್ಯ ಕಾಯಿದೆಯಂತೆ ಇದರ ಉಸ್ತುವಾರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು.

ಸಂಸ್ಕರಿಸಿದ ನೀರು: ಕೋಲಾರದ ಪಾಠ

ಬರದ ನಾಡಿನಲ್ಲಿ ಸಂಸ್ಕರಿಸಿದ ನೀರು ಬೆಲೆಯುಳ್ಳದ್ದು. ಇದರ ಅತಿ ದೊಡ್ಡ ಪ್ರಯೋಗ ನಡೆದದ್ದು ನೆರೆಯ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ. ಕೋರಮಂಗಲ-ಚಲ್ಲಘಟ್ಟ ಕಣಿವೆ, ಅಂದರೆ ಕೆ.ಸಿ. ವ್ಯಾಲಿ ಯೋಜನೆಯು ಬೆಂಗಳೂರಿನ ಕೊಳಚೆಯನ್ನು ದ್ವಿತೀಯ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರ ಕಡೆಯ ಕೆರೆಗಳಿಗೆ ಹರಿಸುವ ಉದ್ದೇಶದ್ದು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆ ತಲುಪಿತು. ಹೆಬ್ಬಾಳ-ನಾಗವಾರ ಕಣಿವೆಯ ಇನ್ನೊಂದು ಯೋಜನೆ ದಿನಕ್ಕೆ 21 ಕೋಟಿ ಲೀಟರ್ ಉದ್ದೇಶದ್ದು. ಇದು ಪೆನ್ನಾ ಹುಟ್ಟುವ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೂ ನೀರು ಕೊಡುತ್ತದೆ.

ಕೆ.ಸಿ. ವ್ಯಾಲಿ ನೀರು ಬಂದ ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡಿತು. 2018ರ ಜುಲೈನಲ್ಲಿ ಹೈಕೋರ್ಟ್ ನೀರು ಹರಿಸುವುದನ್ನು ತಾತ್ಕಾಲಿಕವಾಗಿ ತಡೆಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬಳಿಕ ನೀರು ಹರಿಯುವುದು ಮುಂದುವರಿಯಿತು. ಅಂತರ್ಜಲ ಮಟ್ಟ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ದಾಖಲಿಸಿತು. ಬತ್ತಿದ್ದ ಬಾವಿಗಳಲ್ಲಿ ನೀರು ಕಂಡ ರೈತರಿಗೆ ಸಂತೋಷವಾಯಿತು. ಆದರೆ ಕುಡಿಯುವ ನೀರಿನ ಮೂಲವನ್ನು ತುಂಬುವ ನೀರಿಗೆ ತೃತೀಯ ಹಂತದ ಸಂಸ್ಕರಣೆ ಆಗಲೇಬೇಕು ಎಂಬ ಹೋರಾಟಗಾರರ ಬೇಡಿಕೆ ನಿಲ್ಲಲಿಲ್ಲ.

ಇದರಿಂದ ಕಲಿಯಬೇಕಾದುದು ಸರಳ. ನೀರನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಹಂತದವರೆಗೆ ಶುದ್ಧಗೊಳಿಸಬೇಕು. ರಸ್ತೆ ಬದಿಯ ಮರ, ಕಟ್ಟಡ ಕೆಲಸ, ಕಾರ್ಖಾನೆಗಳ ಬಳಕೆಗೆ ದ್ವಿತೀಯ ಹಂತ ಮುಗಿಸಿ ಕ್ಲೋರಿನ್ ಹಾಕಿದ ನೀರು ಸಾಮಾನ್ಯವಾಗಿ ಸಾಕು. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಅದನ್ನು ಹಾಯಿಸಬಾರದು. ಕೆರೆಗೆ ಬಿಡುವುದಾದರೆ ನೀರಿನ ಪರೀಕ್ಷೆ ಮೇಲಿಂದ ಮೇಲೆ ನಡೆಯುತ್ತಿರಬೇಕು, ಫಲಿತಾಂಶ ಜನರಿಗೆ ಗೊತ್ತಾಗಬೇಕು.

ಹಣ ಮತ್ತು ನೀತಿ

ಮಲದ ಕೆಸರಿನ ನಿರ್ವಹಣೆಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ನೀತಿ ಪ್ರಕಟಿಸಿತು. ಅದೇ ವರ್ಷ ಆಂಧ್ರಪ್ರದೇಶವೂ ತನ್ನ ನೀತಿ ತಂದಿತು. 2015ರ ಅಮೃತ್ ಯೋಜನೆಯ ನಗರಗಳ ಪಟ್ಟಿಯಲ್ಲಿ ಹಿಂದೂಪುರ ಇತ್ತು. 2021ರ ಅಕ್ಟೋಬರ್ 1ರಂದು ಆರಂಭವಾದ ಎರಡು ಯೋಜನೆಗಳಲ್ಲಿ ಕೆಲಸ ಹಂಚಲಾಗಿದೆ. ಅಮೃತ್ ನಗರಗಳ ಕೊಳಚೆ ನಿರ್ವಹಣೆ ಅಮೃತ್ 2.0 ವ್ಯಾಪ್ತಿಗೆ ಬಂದರೆ, 1 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಳಸಿದ ನೀರು ಸ್ವಚ್ಛ ಭಾರತ ಅಭಿಯಾನ-ನಗರ 2.0 ವ್ಯಾಪ್ತಿಗೆ ಬರುತ್ತದೆ. ಹೀಗಾಗಿ ಹಿಂದೂಪುರ ಮತ್ತು ಕಲ್ಯಾಣದುರ್ಗದವರು ಬೇರೆ ಬೇರೆ ಯೋಜನೆಗಳಡಿ ಕೇಳಬೇಕಾಗುತ್ತದೆ.

ಮನೆಯವರು ಏನು ಮಾಡಬೇಕು?

* ಹೊಸ ಮನೆ ಕಟ್ಟುವಾಗಲೇ ಟ್ಯಾಂಕಿನ ನಕ್ಷೆ ನೋಡಿ. ತಳಕ್ಕೆ ಗಾರೆ ಹಾಕಿಸಿ. ಬಾವಿ ಎಲ್ಲಿದೆ ಎಂಬುದನ್ನು ಅಳೆದು ಇಂಗುಗುಂಡಿ ತೋಡಿಸಿ. ಪಕ್ಕದ ಮನೆಯ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.
* ಟ್ಯಾಂಕ್ ಖಾಲಿ ಮಾಡಿಸಿದ ದಿನಾಂಕ ಬರೆದಿಡಿ. 3 ವರ್ಷ ಮೀರಬೇಡಿ.
* ಆಸಿಡ್, ಫಿನಾಯಿಲ್ ಅತಿಯಾಗಿ ಸುರಿಯಬೇಡಿ. ಟ್ಯಾಂಕಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಖಾಲಿ ಮಾಡಿಸಿದಾಗ ತಳದಲ್ಲಿ ಸ್ವಲ್ಪ ಕೆಸರು ಉಳಿದರೆ ಒಳ್ಳೆಯದು, ಹೆಪ್ಪಿನಂತೆ ಕೆಲಸ ಮಾಡುತ್ತದೆ. ತೊಳೆಸುವ ಅಗತ್ಯವಿಲ್ಲ.
* ಸ್ಯಾನಿಟರಿ ಪ್ಯಾಡ್, ಡೈಪರ್, ಪ್ಲಾಸ್ಟಿಕ್ ಶೌಚಾಲಯಕ್ಕೆ ಹಾಕಬೇಡಿ.
* ಹಿತ್ತಿಲು ಇದ್ದವರು ಸ್ನಾನ, ಬಟ್ಟೆಯ ನೀರನ್ನು ಬೇರೆ ಮಾಡಿ ಬಾಳೆ, ತೆಂಗಿಗೆ ಬಿಡಬಹುದು. ಹಳ್ಳಿಗಳಲ್ಲಿ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಗೆ ದಪ್ಪ ಕಲ್ಲು, ಸಣ್ಣ ಕಲ್ಲು, ಜಲ್ಲಿ ತುಂಬಿದರೆ ಒಂದು ಮನೆಯ ಬೂದು ನೀರು ಇಂಗುತ್ತದೆ. ಬೀದಿಯ ಕೆಸರೂ ಸೊಳ್ಳೆಯೂ ಕಡಿಮೆಯಾಗುತ್ತವೆ.
* ಕುಡಿಯಲು ಬಳಸುವ ಬಾವಿ ನೀರನ್ನು ವರ್ಷಕ್ಕೊಮ್ಮೆ, ವಿಶೇಷವಾಗಿ ಮಳೆಗಾಲದ ನಂತರ, ನೈಟ್ರೇಟ್, ಫ್ಲೋರೈಡ್ ಮತ್ತು ರೋಗಾಣುಗಳಿಗೆ ಪರೀಕ್ಷೆ ಮಾಡಿಸಿ.
* ಯಾರನ್ನೂ ಗುಂಡಿಗೆ ಇಳಿಸಬೇಡಿ. ಯಾರಾದರೂ ಇಳಿಯುತ್ತಿದ್ದರೆ ತಡೆಯಿರಿ. ಟ್ಯಾಂಕ್ ಸ್ವಚ್ಛತೆ ಕುರಿತ ದೂರುಗಳಿಗೆ ರಾಷ್ಟ್ರೀಯ ಸಹಾಯವಾಣಿ 14420 ಇದೆ.
* ಸಕ್ಕಿಂಗ್ ಲಾರಿಯವರಿಗೆ ಹಣ ಕೊಡುವ ಮುನ್ನ 'ಎಲ್ಲಿ ಸುರಿಯುತ್ತೀರಿ?' ಎಂದು ಕೇಳಿ. ಅದೇ ಪ್ರಶ್ನೆಯನ್ನು ಮುನ್ಸಿಪಲ್ ಕಚೇರಿಯಲ್ಲಿಯೂ, ವೋಟು ಕೇಳಲು ಬಂದವರಲ್ಲಿಯೂ ಕೇಳಿ.

ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗದ ಕಡೆ ಕನ್ನಡವೂ ತೆಲುಗೂ ಬೆರೆತಿವೆ, ನೀರಿಗೂ ಗಡಿಯಿಲ್ಲ. ಗೌರಿಬಿದನೂರಿನ ಕೊಳಚೆ ಹಿಂದೂಪುರಕ್ಕೆ, ಹಿಂದೂಪುರದ್ದು ಪೆನ್ನಾ ದಂಡೆಯ ಮುಂದಿನ ಹಳ್ಳಿಗಳಿಗೆ ಇಳಿಯುತ್ತದೆ. ಮೇಲಿನ ಊರು ಶುದ್ಧ ಮಾಡಿ ಬಿಟ್ಟರೆ ಕೆಳಗಿನ ಊರಿನ ಬಾವಿ ಉಳಿಯುತ್ತದೆ.